ಪಿಪ್ ಎಂದರೆ ಎಷ್ಟು ಹಣ? ಯೂರೊ-ಡಾಲರ್ ಲೆಕ್ಕದಲ್ಲಿ ಸಾವಿರ ಪಟ್ಟು ವ್ಯತ್ಯಾಸ ಬಂದಿದೆ

ಸಿಂಧನೂರು_ಬಿಕಾಂ
ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನವನು, ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿ. ವಿದೇಶಿ ಕರೆನ್ಸಿಯ ವಹಿವಾಟು ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ತಿಂಗಳಿನಿಂದ ಮೊಬೈಲ್‌ನಲ್ಲಿ ಡೆಮೊ ಖಾತೆ ಇಟ್ಟುಕೊಂಡು, ನಿಜವಾದ ಹಣ ಹಾಕದೆ, ಲೆಕ್ಕ ಕಲಿಯುತ್ತಿದ್ದೇನೆ. ನಿನ್ನೆ ಯೂರೊ-ಡಾಲರ್ ಜೋಡಿಯನ್ನು 1.08503ಕ್ಕೆ (ಒಂದು ಯೂರೊಗೆ ಇಷ್ಟು ಡಾಲರ್) ಕೊಂಡು 1.08531ಕ್ಕೆ ಮಾರಿದೆ. ಕೊನೆಯ ಅಂಕಿಗಳನ್ನು ಕಳೆದಾಗ 28 ಬಂದದ್ದರಿಂದ 28 ಪಿಪ್ ಲಾಭವೆಂದು ಬರೆದುಕೊಂಡೆ. ಒಂದು ಪಿಪ್ ಎಂದರೆ ಹತ್ತು ಡಾಲರ್ ಎಂದು ಇದನ್ನು ಪರಿಚಯಿಸಿದ ಸ್ನೇಹಿತ ಹೇಳಿದ್ದ. ಹಾಗಿದ್ದರೆ 280 ಡಾಲರ್ ಬರಬೇಕಿತ್ತು, ಆದರೆ ಖಾತೆಯಲ್ಲಿ ಕಂಡದ್ದು 0.28 ಡಾಲರ್ ಮಾತ್ರ. ನಾನು ಎಲ್ಲಿ ತಪ್ಪಿದೆ? ಪಿಪ್ ಎಂಬುದು ನಮ್ಮ ಪೈಸೆಯಂತೆ ಒಂದು ನಿಶ್ಚಿತ ಮೊತ್ತವೇ, ಅಥವಾ ಬೇರೇನಾದರೂ ಆಗಿದೆಯೇ? ನಿಜವಾದ ಹಣ ಹಾಕಲು ಅದೇ ಸ್ನೇಹಿತ ಒತ್ತಾಯಿಸುತ್ತಿದ್ದಾನೆ. ಲೆಕ್ಕ ಅರ್ಥವಾಗದೆ ಒಂದು ರೂಪಾಯಿಯನ್ನೂ ಹಾಕಬಾರದೆಂದು ಇಲ್ಲಿ ಕೇಳುತ್ತಿದ್ದೇನೆ.

ಬಿಳಿ_ಹತ್ತಿ_ರಾಯಚೂರು
28 ಅಲ್ಲ, 2.8 ಪಿಪ್. ಐದನೆಯ ದಶಮಾಂಶ ಸ್ಥಾನವನ್ನು ಪಿಪ್ ಎಂದು ಎಣಿಸಿದ್ದೀರಿ.

ಕೋಟೆ_ಬಳ್ಳಾರಿ
ತಮ್ಮಾ, ಮೇಲಿನವರು ಹೇಳಿದ್ದು ನಿನ್ನ ತಪ್ಪಿನ ಅರ್ಧ ಭಾಗ. ನಾನು ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿ ನಿವೃತ್ತನಾದವನು, ಉಳಿದರ್ಧವನ್ನು ನಾನು ಹೇಳುತ್ತೇನೆ.

ಯೂರೊ-ಡಾಲರ್, ಪೌಂಡ್-ಡಾಲರ್ ಮುಂತಾದ ಜೋಡಿಗಳಲ್ಲಿ ಪಿಪ್ ಎಂದರೆ ದಶಮಾಂಶ ಬಿಂದುವಿನ ನಂತರದ ನಾಲ್ಕನೆಯ ಸ್ಥಾನದಲ್ಲಿ ಆಗುವ ಒಂದು ಅಂಕಿಯ ಬದಲಾವಣೆ, ಅಂದರೆ 0.0001. ಹಿಂದೆ ದರಗಳನ್ನು ಈ ನಾಲ್ಕು ಸ್ಥಾನಗಳವರೆಗೆ ಮಾತ್ರ ಹೇಳುತ್ತಿದ್ದರು. ಗಣಕಯಂತ್ರದ ವಹಿವಾಟು ಹೆಚ್ಚಿದ ಮೇಲೆ ಇನ್ನೂ ಸೂಕ್ಷ್ಮವಾದ ದರ ಕೊಡಲು ಐದನೆಯ ಸ್ಥಾನವನ್ನು ಸೇರಿಸಿದರು. ಅದು ಪಿಪ್‌ನ ಹತ್ತನೆಯ ಒಂದು ಭಾಗ, ಪಿಪೆಟ್ ಎಂದು ಕರೆಯುತ್ತಾರೆ. ಹೆಚ್ಚಿನ ಆ್ಯಪ್‌ಗಳು ಆ ಕೊನೆಯ ಅಂಕಿಯನ್ನು ಚಿಕ್ಕದಾಗಿ ತೋರಿಸುವುದು ಇದೇ ಕಾರಣಕ್ಕೆ. ನಿನಗೆ ಹತ್ತು ಪಟ್ಟು ತಪ್ಪಿದ್ದು ಇಲ್ಲಿ.

ಉಳಿದ ನೂರು ಪಟ್ಟು ತಪ್ಪಿದ್ದು ಲಾಟ್‌ನಲ್ಲಿ, ಅಂದರೆ ಕೊಳ್ಳುವ ಪರಿಮಾಣದ ಅಳತೆಯಲ್ಲಿ. ಪಿಪ್ ಬೆಲೆಯ ಹೆಜ್ಜೆಯೇ ಹೊರತು ಹಣವಲ್ಲ. ಎಷ್ಟು ಯೂರೊ ಕೊಂಡಿದ್ದೀಯೆ ಎಂಬುದರಿಂದ ಗುಣಿಸಿದಾಗ ಮಾತ್ರ ಅದು ಹಣವಾಗುತ್ತದೆ. ಪೂರ್ಣ ಲಾಟ್ ಎಂದರೆ 1,00,000 ಯೂರೊ, ಅದನ್ನು 0.0001ರಿಂದ ಗುಣಿಸಿದರೆ 10 ಡಾಲರ್. ನಿನ್ನ ಸ್ನೇಹಿತ ಹೇಳಿದ್ದು ಈ ಒಂದು ಸಂದರ್ಭಕ್ಕೆ ಮಾತ್ರ ಸರಿ. ಮಿನಿ ಲಾಟ್ 10,000 ಯೂರೊ, ಅಲ್ಲಿ ಪಿಪ್‌ಗೆ 1 ಡಾಲರ್. ಮೈಕ್ರೊ ಲಾಟ್ 1,000 ಯೂರೊ, ಅಲ್ಲಿ 10 ಸೆಂಟ್. ನೀನು ಪರಿಮಾಣದ ಜಾಗದಲ್ಲಿ 0.01 ಎಂದು ಹಾಕಿರಬೇಕು, ಅದು ಮೈಕ್ರೊ ಲಾಟ್. 2.8ನ್ನು 0.10ರಿಂದ ಗುಣಿಸು, 0.28 ಡಾಲರ್ ಬರುತ್ತದೆ. ಆ್ಯಪ್‌ನ ಲೆಕ್ಕ ಸರಿಯಾಗಿದೆ.

ಸಿಂಧನೂರು_ಬಿಕಾಂ
ಹೌದು ಸರ್, 0.01 ಎಂದೇ ಹಾಕಿದ್ದೆ. ಅದು ಯಾವುದರ ನೂರನೆಯ ಭಾಗ ಎಂದು ನನಗೆ ತಿಳಿದಿರಲಿಲ್ಲ. ಬಹಳ ಧನ್ಯವಾದಗಳು.

ಮಸ್ಕಿ_ಕ್ಯಾಂಪ್
ಪಿಪ್ ಮತ್ತು ಬೇಸಿಸ್ ಪಾಯಿಂಟ್ ಎರಡೂ ಒಂದೇ ಅಲ್ಲವೇ? ಎರಡೂ ಹತ್ತು ಸಾವಿರದಲ್ಲಿ ಒಂದು ಭಾಗವೆಂದು ಓದಿದ ನೆನಪು. ರಿಸರ್ವ್ ಬ್ಯಾಂಕ್ ಬಡ್ಡಿ ದರವನ್ನು 25 ಬೇಸಿಸ್ ಪಾಯಿಂಟ್ ಇಳಿಸಿತು ಎನ್ನುತ್ತಾರಲ್ಲ, ಅದೇ ಇದು.

ಕೋಟೆ_ಬಳ್ಳಾರಿ
ಒಂದೇ ಅಲ್ಲ, ಇದನ್ನು ಬೆರೆಸಬೇಡಿ. ಬೇಸಿಸ್ ಪಾಯಿಂಟ್ ಶೇಕಡಾ ಒಂದರ ನೂರನೆಯ ಭಾಗ, ಅದು ಅನುಪಾತ. ಪಿಪ್ ಬೆಲೆಯ ಅಂಕಿಯಲ್ಲಿ ಒಂದು ಸ್ಥಾನ. ಯೂರೊ 1.0850 ಡಾಲರ್ ಇದ್ದಾಗ ಒಂದು ಪಿಪ್ ಎಂದರೆ ಸುಮಾರು 0.92 ಬೇಸಿಸ್ ಪಾಯಿಂಟ್. ದರ 1ರ ಆಸುಪಾಸಿನಲ್ಲಿ ಇರುವುದರಿಂದ ಎರಡೂ ಹತ್ತಿರ ಬರುತ್ತವೆ, ಅಷ್ಟೇ.

ಜೀನ್ಸ್_ಬಳ್ಳಾರಿ
ಹಾಗಾದರೆ ಜಪಾನಿನ ಯೆನ್‌ಗೆ ಏಕೆ ಬೇರೆ ನಿಯಮ? ಡಾಲರ್-ಯೆನ್ ದರದಲ್ಲಿ ಬಿಂದುವಿನ ನಂತರ ಎರಡನೆಯ ಸ್ಥಾನವೇ ಪಿಪ್ ಎಂದು ಕೇಳಿದ್ದೇನೆ.

ಕೋಟೆ_ಬಳ್ಳಾರಿ
ಸರಿಯಾಗಿ ಕೇಳಿದ್ದೀರಿ ತಾಯಿ. ಒಂದು ಡಾಲರ್‌ಗೆ 150 ಯೆನ್ ಇದೆ ಎಂದುಕೊಳ್ಳಿ. ಅಂಕಿಯೇ ನೂರರ ಮೇಲಿರುವಾಗ ನಾಲ್ಕನೆಯ ಸ್ಥಾನದ ಬದಲಾವಣೆಗೆ ಬೆಲೆಯೇ ಇರುವುದಿಲ್ಲ. ಆದ್ದರಿಂದ ಅಲ್ಲಿ 0.01 ಯೆನ್ ಅನ್ನು ಪಿಪ್ ಎಂದು ಹಿಡಿದರು, ಮೂರನೆಯ ಸ್ಥಾನ ಪಿಪೆಟ್ ಆಯಿತು. 150ರಲ್ಲಿ 0.01 ಎಂದರೆ ಸುಮಾರು 0.67 ಬೇಸಿಸ್ ಪಾಯಿಂಟ್, ಯೂರೊ ಪಿಪ್‌ನ ತೂಕಕ್ಕೆ ಸಮೀಪವಾಗಿಯೇ ಇದೆ. ದೂರವಾಣಿಯಲ್ಲಿ ದರ ಕೂಗುವ ಡೀಲರ್‌ಗಳು ಮೊದಲ ಅಂಕಿಗಳನ್ನು ಬಿಟ್ಟು ಕೊನೆಯ ಎರಡನ್ನು ಮಾತ್ರ ಹೇಳುತ್ತಿದ್ದರು. “ಐವತ್ತು ಐವತ್ತೆರಡು” ಎಂದರೆ 1.0850ಕ್ಕೆ ಕೊಳ್ಳುತ್ತೇನೆ, 1.0852ಕ್ಕೆ ಮಾರುತ್ತೇನೆ ಎಂದರ್ಥ. ಕೆಲಸಕ್ಕೆ ಬರುವ ಸಣ್ಣ ಹೆಜ್ಜೆ ಯಾವುದೋ ಅದು ಪಿಪ್ ಆಯಿತು.

ಬಿಳಿ_ಹತ್ತಿ_ರಾಯಚೂರು
ರೂಪಾಯಿಯ ವಿಷಯ ಬಿಟ್ಟಿರಲ್ಲ. ಡಾಲರ್-ರೂಪಾಯಿಯಲ್ಲಿ ಪಿಪ್ ಎಂದರೆ 0.0001 ರೂಪಾಯಿಯೇ. ದರವನ್ನು ನಾಲ್ಕು ಸ್ಥಾನಗಳವರೆಗೆ ಬರೆಯುತ್ತಾರೆ, ಯೆನ್ ಹೊರತು ಉಳಿದ ಎಲ್ಲದಕ್ಕೂ ನಾಲ್ಕನೆಯ ಸ್ಥಾನವೇ ನಿಯಮ.

ಜೀನ್ಸ್_ಬಳ್ಳಾರಿ
ನಾನು ಒಪ್ಪುವುದಿಲ್ಲ ಅಣ್ಣಾ. ಬ್ಯಾಂಕಿನವರು ನನ್ನೊಂದಿಗೆ ಎಂದೂ ಪಿಪ್ ಎಂದು ಮಾತನಾಡಿಲ್ಲ, ಪೈಸೆ ಎಂದೇ ಮಾತನಾಡುತ್ತಾರೆ. “ಇವತ್ತು ರೂಪಾಯಿ ಹನ್ನೆರಡು ಪೈಸೆ ಕುಸಿಯಿತು” ಎಂದೇ ಪತ್ರಿಕೆಗಳೂ ಬರೆಯುತ್ತವೆ. ರೂಪಾಯಿಗೆ ಪೈಸೆಯೇ ಪಿಪ್.

ಬಿಳಿ_ಹತ್ತಿ_ರಾಯಚೂರು
ಪತ್ರಿಕೆಯವರು ಓದುಗರಿಗೆ ಅರ್ಥವಾಗಲೆಂದು ಪೈಸೆ ಎನ್ನುತ್ತಾರೆ. ಅದು ಮಾರುಕಟ್ಟೆಯ ಅಳತೆಯಾಗುವುದಿಲ್ಲ.

ಕೋಟೆ_ಬಳ್ಳಾರಿ
ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ತಂಗಿಯ ಮಾತಿನಲ್ಲಿ ಹೆಚ್ಚಿದೆ. ಲೆಕ್ಕ ಹಾಕಿ ನೋಡಿ. ಡಾಲರ್ 85 ರೂಪಾಯಿ ಇರುವಾಗ ಒಂದು ಪೈಸೆ ಎಂದರೆ ಸುಮಾರು 1.18 ಬೇಸಿಸ್ ಪಾಯಿಂಟ್, ಯೂರೊ ಪಿಪ್‌ನ ತೂಕಕ್ಕೆ ಅದೇ ಹತ್ತಿರ. 0.0001 ರೂಪಾಯಿ ಅದರ ನೂರನೆಯ ಭಾಗ, ಅಷ್ಟು ಸಣ್ಣ ಹೆಜ್ಜೆಯಲ್ಲಿ ನಮ್ಮ ಎಕ್ಸ್‌ಚೇಂಜಿನಲ್ಲಿ ದರ ಹಾಕಲು ಬರುವುದೇ ಇಲ್ಲ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ 2008ರ ಆಗಸ್ಟ್ 29ರಂದು ಡಾಲರ್-ರೂಪಾಯಿ ಫ್ಯೂಚರ್ಸ್ (ಮುಂದಿನ ದಿನಾಂಕದ ವಹಿವಾಟಿಗೆ ಈಗಲೇ ದರ ನಿಗದಿ ಮಾಡುವ ಕರಾರು) ಆರಂಭವಾಯಿತು. ಅಲ್ಲಿ ಕನಿಷ್ಠ ಹೆಜ್ಜೆ 0.0025 ರೂಪಾಯಿ, ಅಂದರೆ ಕಾಲು ಪೈಸೆ. ಇದನ್ನು ಟಿಕ್ ಎನ್ನುತ್ತಾರೆ. ಒಂದು ಕರಾರಿನ ಗಾತ್ರ 1,000 ಡಾಲರ್, ಹಾಗಾಗಿ ಒಂದು ಟಿಕ್‌ಗೆ ಎರಡೂವರೆ ರೂಪಾಯಿ, ಒಂದು ಪೈಸೆಗೆ ಹತ್ತು ರೂಪಾಯಿ, ಒಂದು ರೂಪಾಯಿ ಚಲನೆಗೆ ಸಾವಿರ ರೂಪಾಯಿ.

ಆದ್ದರಿಂದ ಯಾರಾದರೂ ರೂಪಾಯಿಯಲ್ಲಿ ಪಿಪ್ ಎಂದು ಹೇಳಿದರೆ, ನೀವು ಹೇಳುತ್ತಿರುವುದು ಎಷ್ಟನೆಯ ದಶಮಾಂಶ ಸ್ಥಾನ ಎಂದು ಮರುಪ್ರಶ್ನೆ ಹಾಕುವುದೇ ಸರಿ. ಹೆಸರಿನ ಮೇಲೆ ಜಗಳವಾಡಿ ಪ್ರಯೋಜನವಿಲ್ಲ, ಸ್ಥಾನ ಮತ್ತು ಪರಿಮಾಣ ಗೊತ್ತಾದರೆ ಸಾಕು.

ಬಿಳಿ_ಹತ್ತಿ_ರಾಯಚೂರು
ಬೇಸಿಸ್ ಪಾಯಿಂಟ್ ಹಚ್ಚಿ ತೂಗಿದ್ದು ಸರಿಯಾಗಿದೆ ಸರ್, ಒಪ್ಪಿಕೊಂಡೆ. ನಾನು ಹತ್ತಿ ಗಿರಣಿಯ ಲೆಕ್ಕಪತ್ರ ನೋಡುವವನು, ನಮ್ಮಲ್ಲೂ ಇದೇ ಸ್ಥಿತಿ ಇದೆ. ರಾಯಚೂರಿನ ಎಪಿಎಂಸಿಯಲ್ಲಿ ರೈತರ ಹತ್ತಿಗೆ ಕ್ವಿಂಟಲ್ ಲೆಕ್ಕ. ಬೀಜ ತೆಗೆದ ಅರಳೆಗೆ ಕ್ಯಾಂಡಿ ಲೆಕ್ಕ, ಒಂದು ಕ್ಯಾಂಡಿ ಎಂದರೆ ಸುಮಾರು 356 ಕಿಲೊ. ನ್ಯೂಯಾರ್ಕ್‌ನ ಹತ್ತಿ ಫ್ಯೂಚರ್ಸ್‌ನಲ್ಲಿ ದರ ಒಂದು ಪೌಂಡ್‌ಗೆ ಇಷ್ಟು ಸೆಂಟ್ ಎಂದು ಇರುತ್ತದೆ. ಅಲ್ಲಿ “ನೂರು ಪಾಯಿಂಟ್ ಏರಿತು” ಎಂದರೆ ಪೌಂಡ್‌ಗೆ ಒಂದು ಸೆಂಟ್ ಏರಿತು ಎಂದರ್ಥ. ಕರಾರಿನ ಗಾತ್ರ 50,000 ಪೌಂಡ್ ಆದದ್ದರಿಂದ ಒಂದು ಪಾಯಿಂಟ್‌ಗೆ 5 ಡಾಲರ್. ಹೊಸದಾಗಿ ಸೇರಿದವರು ನೂರು ಪಾಯಿಂಟ್ ಎಂದ ಕೂಡಲೇ ನೂರು ಡಾಲರ್ ಎಂದು ತಿಳಿದದ್ದನ್ನು ಕಂಡಿದ್ದೇನೆ. ಮಾರುಕಟ್ಟೆ ಬದಲಾದರೆ ಅಳತೆಯ ಕೋಲೂ ಬದಲಾಗುತ್ತದೆ.

ಹಟ್ಟಿ_ಚಿನ್ನ
ಚಿನ್ನದಲ್ಲಿ ಇನ್ನೂ ತೊಡಕಿದೆ. ನಮ್ಮ ಊರಿನಲ್ಲಿ ನೆಲದಿಂದ ಚಿನ್ನ ತೆಗೆಯುತ್ತಾರೆ, ಅಂಗಡಿಯಲ್ಲಿ ಹತ್ತು ಗ್ರಾಂಗೆ ದರ ಕೇಳುತ್ತೇವೆ, ಹಿರಿಯರು ತೊಲ ಎನ್ನುತ್ತಾರೆ, ಅಂತರರಾಷ್ಟ್ರೀಯ ದರ ಮಾತ್ರ ಟ್ರಾಯ್ ಔನ್ಸ್‌ಗೆ ಡಾಲರ್‌ನಲ್ಲಿ ಇರುತ್ತದೆ. ಒಂದು ಟ್ರಾಯ್ ಔನ್ಸ್ 31.1035 ಗ್ರಾಂ. ಕರೆನ್ಸಿ ಆ್ಯಪ್‌ಗಳಲ್ಲಿ ಚಿನ್ನವನ್ನೂ ಜೋಡಿಯಂತೆ ತೋರಿಸುತ್ತಾರೆ. ಕೆಲವರು 0.01 ಡಾಲರ್ ಚಲನೆಯನ್ನು ಪಿಪ್ ಎನ್ನುತ್ತಾರೆ, ಇನ್ನು ಕೆಲವರು 0.10 ಡಾಲರ್ ಚಲನೆಯನ್ನು. ನೂರು ಔನ್ಸ್‌ನ ಲಾಟ್‌ನಲ್ಲಿ ಒಬ್ಬರ ಪಿಪ್ ಒಂದು ಡಾಲರ್, ಇನ್ನೊಬ್ಬರ ಪಿಪ್ ಹತ್ತು ಡಾಲರ್. “ಚಿನ್ನದಲ್ಲಿ 50 ಪಿಪ್ ನಷ್ಟಕ್ಕೆ ನಿಲ್ಲಿಸು” ಎಂಬ ಸಲಹೆಯನ್ನು ಕುರುಡಾಗಿ ಹಿಡಿದವರ ಗತಿ ಏನು? ಯಾವ ಪಿಪ್ ಎಂದು ಕೇಳಲೇಬೇಕು.

ದಂಡೆ_ಕೊಪ್ಪಳ
ನಾನು ನಿವೃತ್ತ ಶಿಕ್ಷಕ. ಈ ಚರ್ಚೆಯನ್ನು ಓದುತ್ತಿದ್ದಾಗ ನಮ್ಮ ತಾತ ಹೇಳುತ್ತಿದ್ದ ಲೆಕ್ಕ ನೆನಪಾಯಿತು. ವಿಷಯಕ್ಕೆ ಸಂಬಂಧಿಸಿದ್ದೇ ಆದ್ದರಿಂದ ಬರೆಯುತ್ತೇನೆ.

1948ರವರೆಗೆ ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು. ಹೊಳೆಯ ಆಚೆಯ ಹೊಸಪೇಟೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಈಚೆ ದಡದಲ್ಲಿ ನಿಜಾಮರ ಹಾಲಿ ಸಿಕ್ಕಾ ರೂಪಾಯಿ, ಆಚೆ ದಡದಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿ. ತುಂಗಭದ್ರೆ ದಾಟಿದರೆ ನಾಣ್ಯ ಬದಲಾಗುತ್ತಿತ್ತು. ಆರು ಕಲ್ದಾರಿಗೆ ಏಳು ಹಾಲಿ ಎಂಬುದು ಬಾಯಿಲೆಕ್ಕ. ನೂರು ಕಲ್ದಾರಿಗೆ ಕರಾರುವಾಕ್ಕಾಗಿ 116 ರೂಪಾಯಿ 10 ಆಣೆ 8 ಪೈ ಹಾಲಿ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ, ಹಾಗಾಗಿ ರೂಪಾಯಿಗೆ 192 ಪೈ. ಆ ಕಾಲದ ವಿನಿಮಯಕ್ಕೆ ಪೈ ಎಂಬುದೇ ಕೊನೆಯ ಸ್ಥಾನ, ನೀವು ಹೇಳುವ ಪಿಪ್.

ತಾತ ಹೇಳುತ್ತಿದ್ದ ಮಾತಿಷ್ಟು: ನಾಣ್ಯ ಬದಲಿಸುವವನು ನೂರಕ್ಕೆ 116 ರೂಪಾಯಿ 8 ಆಣೆ ಎಣಿಸಿಕೊಟ್ಟು ಸುಮ್ಮನಾದರೆ, ಸಣ್ಣ ಗಿರಾಕಿ ಎರಡು ಆಣೆ ಎಂಟು ಪೈ ಹೋಯಿತೆಂದು ಗಮನಿಸುವುದೇ ಇಲ್ಲ. ಆದರೆ ಹೊಸಪೇಟೆಯಲ್ಲಿ ಬತ್ತ ಮಾರಿ ಮೂರು ಸಾವಿರ ಕಲ್ದಾರ್ ತಂದವನಿಗೆ ಅದೇ ಕೊರತೆ ಮೂವತ್ತು ಪಟ್ಟು ಆಗುತ್ತದೆ. 32 ಪೈಯನ್ನು ಮೂವತ್ತರಿಂದ ಗುಣಿಸಿದರೆ 960 ಪೈ, ಅಂದರೆ ಸರಿಯಾಗಿ ಐದು ರೂಪಾಯಿ. ಆ ಕಾಲಕ್ಕೆ ಐದು ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ. ಪೈ ಚಿಕ್ಕದು, ಗಂಟು ದೊಡ್ಡದಾದರೆ ಪೈಯೂ ದೊಡ್ಡದಾಗುತ್ತದೆ. ಬಳ್ಳಾರಿಯ ಸರ್ ಹೇಳಿದ ಲಾಟ್‌ನ ಲೆಕ್ಕ ಇದೇ ಅಲ್ಲವೇ?

ಕೋಟೆ_ಬಳ್ಳಾರಿ
ಗುರುಗಳೇ, ಇದೇ ಲೆಕ್ಕ. ಆ ಎರಡು ಆಣೆ ಎಂಟು ಪೈಯನ್ನು ಈಗ ಸ್ಪ್ರೆಡ್ ಎನ್ನುತ್ತಾರೆ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರ. ಯೂರೊ-ಡಾಲರ್‌ನಲ್ಲಿ ಅಂತರ ಒಂದೂವರೆ ಪಿಪ್ ಇದ್ದರೆ, ಒಂದು ಪೂರ್ಣ ಲಾಟ್ ಕೊಂಡ ಕ್ಷಣದಲ್ಲೇ ನೀವು 15 ಡಾಲರ್ ಹಿಂದೆ ಬಿದ್ದಿರುತ್ತೀರಿ. ದಿನಕ್ಕೆ ಹತ್ತು ಬಾರಿ ಕೊಂಡು ಮಾರಿದವರಿಗೆ 150 ಡಾಲರ್ ಅಲ್ಲಿಯೇ ಹೋಯಿತು.

ಜೀನ್ಸ್_ಬಳ್ಳಾರಿ
ಸ್ಪ್ರೆಡ್ ಎಂಬುದು ವಹಿವಾಟುದಾರರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬೇಡಿ. ನಮ್ಮದು ಜೀನ್ಸ್ ಹೊಲಿಯುವ ಘಟಕ. ಕಳೆದ ಬಾರಿ ವಿದೇಶದಿಂದ ಯಂತ್ರ ತರಿಸಿದಾಗ ಬಿಲ್ 40,000 ಡಾಲರ್ ಇತ್ತು. ಆ ಹೊತ್ತಿಗೆ ಮಾರುಕಟ್ಟೆ ದರ 85.10 ಇತ್ತು, ನಮ್ಮ ಬ್ಯಾಂಕ್ 85.45ಕ್ಕೆ ಕೊಡುತ್ತೇನೆಂದಿತು. ಮೂವತ್ತೈದು ಪೈಸೆ ತಾನೇ ಎಂದು ನಮ್ಮ ಯಜಮಾನರು ಸಹಿ ಹಾಕಲು ಹೊರಟಿದ್ದರು. ನಾನು ಗುಣಿಸಿ ತೋರಿಸಿದೆ: 14,000 ರೂಪಾಯಿ. ಮರುದಿನ ಶಾಖೆಗೆ ಹೋಗಿ, ದರದ ಮೇಲೆ ನೀವು ಸೇರಿಸುವ ಮಾರ್ಜಿನ್ ಎಷ್ಟು ಎಂದು ನೇರವಾಗಿ ಕೇಳಿ, ಮಾತುಕತೆ ನಡೆಸಿ ಅದನ್ನು ಹತ್ತು ಪೈಸೆಗೆ ಇಳಿಸಿಕೊಂಡೆವು. ಹತ್ತು ಸಾವಿರ ಉಳಿಯಿತು, ಒಬ್ಬ ಟೈಲರ್‌ನ ಹಲವು ದಿನಗಳ ಕೂಲಿ ಅದು. ಕೇಳದವರಿಗೆ ಯಾರೂ ಇಳಿಸಿ ಕೊಡುವುದಿಲ್ಲ.

ಮಸ್ಕಿ_ಕ್ಯಾಂಪ್
ಅಕ್ಕಾ, ಮಗನನ್ನು ಓದಲು ವಿದೇಶಕ್ಕೆ ಕಳಿಸುವವರೂ ಹೀಗೆ ಕೇಳಬಹುದೇ?

ಜೀನ್ಸ್_ಬಳ್ಳಾರಿ
ಖಂಡಿತ ಕೇಳಿ. ಎರಡು ಮೂರು ಬ್ಯಾಂಕ್‌ಗಳಲ್ಲಿ ಒಂದೇ ಹೊತ್ತಿನಲ್ಲಿ ದರ ಕೇಳಿ, ಏಕೆಂದರೆ ದರ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ನೋಟುಗಳನ್ನು ಕೊಳ್ಳುವ ದರ ತಂತಿ ವರ್ಗಾವಣೆಯ ದರಕ್ಕಿಂತ ದುಬಾರಿ ಎಂಬುದನ್ನೂ ಗಮನಿಸಿ.

ಗಂಗಾವತಿ_ಭತ್ತ
ಸಿಂಧನೂರಿನ ತಮ್ಮನಿಗಾಗಿ ನನ್ನ ಅನುಭವವನ್ನು ಬರೆಯುತ್ತೇನೆ, ಬರೆಯುವಾಗ ಇಂದಿಗೂ ನೋವಾಗುತ್ತದೆ. ಮೂರು ವರ್ಷದ ಹಿಂದೆ ಪರಿಚಿತರೊಬ್ಬರ ಮಾತು ನಂಬಿ, ಬತ್ತ ಮಾರಿದ ಹಣದಲ್ಲಿ ಒಂದು ಆ್ಯಪ್‌ಗೆ ಸುಮಾರು 700 ಡಾಲರ್ ಹಾಕಿದೆ. “ಒಂದಕ್ಕೆ ಐನೂರು ಪಟ್ಟು ಸಾಲದ ಬಲ ಸಿಗುತ್ತದೆ, ಪೂರ್ಣ ಲಾಟ್ ತೆಗೆದುಕೊಳ್ಳಿ, ಪಿಪ್‌ಗೆ ಹತ್ತು ಡಾಲರ್” ಎಂದರು. ಹತ್ತು ಡಾಲರ್ ಬರುತ್ತದೆ ಎಂದು ಮಾತ್ರ ಕೇಳಿಸಿಕೊಂಡೆ, ಹೋಗುತ್ತದೆ ಎಂದು ಯೋಚಿಸಲಿಲ್ಲ. 1,00,000 ಯೂರೊ ಕೊಳ್ಳಲು ಕೇವಲ ಇನ್ನೂರು ಚಿಲ್ಲರೆ ಡಾಲರ್ ಮುಂಗಡ ಸಾಕಾಯಿತು. ಉಳಿದದ್ದು ಸುರಕ್ಷಿತವಾಗಿದೆ ಎಂದುಕೊಂಡಿದ್ದೆ.

ಲೆಕ್ಕ ಎಷ್ಟು ಸರಳವಿತ್ತು ನೋಡಿ. 700 ಡಾಲರನ್ನು ಹತ್ತರಿಂದ ಭಾಗಿಸಿದರೆ 70 ಪಿಪ್. ಬೆಲೆ 0.0070 ಇಳಿದರೆ, ಅಂದರೆ ಒಂದು ಸೆಂಟ್‌ನಷ್ಟೂ ಇಳಿಯುವ ಮೊದಲೇ, ನನ್ನ ಇಡೀ ಹಣ ಮುಗಿಯುತ್ತಿತ್ತು. ಯೂರೊ ಒಂದು ದಿನದಲ್ಲಿ ಅಷ್ಟು ಚಲಿಸುವುದು ಅಪರೂಪವೇನಲ್ಲ. ಸಂಜೆ ಗದ್ದೆಗೆ ನೀರು ಬಿಡಲು ಹೋಗಿದ್ದೆ, ಮನೆಗೆ ಬರುವಷ್ಟರಲ್ಲಿ ಖಾತೆ ತಾನಾಗಿ ಮುಚ್ಚಿತ್ತು. ಆ 70 ಎಂಬ ಅಂಕಿಯನ್ನು ಮೊದಲೇ ಯಾರಾದರೂ ಕಾಗದದ ಮೇಲೆ ಬರೆದು ತೋರಿಸಿದ್ದರೆ ನಾನು ಹಣ ಹಾಕುತ್ತಿರಲಿಲ್ಲ.

ದಂಡೆ_ಕೊಪ್ಪಳ
ಬರೆದದ್ದು ಒಳ್ಳೆಯದಾಯಿತು ಅಣ್ಣಾ. ಇಂಥದ್ದನ್ನು ಮರೆಮಾಚುವವರೇ ಹೆಚ್ಚು.

ಹಟ್ಟಿ_ಚಿನ್ನ
ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಆ್ಯಪ್ ಕಾನೂನುಬದ್ಧವೇ ಎಂದು ನೋಡಿದಿರಾ?

ಕೋಟೆ_ಬಳ್ಳಾರಿ
ನಾನೂ ಅದನ್ನೇ ಹೇಳಬೇಕೆಂದಿದ್ದೆ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, 1999ರ ಪ್ರಕಾರ ಭಾರತದ ನಿವಾಸಿಗಳು ಅಧಿಕೃತ ಸಂಸ್ಥೆಗಳ ಮೂಲಕ, ಅನುಮತಿಸಿದ ಉದ್ದೇಶಗಳಿಗೆ ಮಾತ್ರ ಈ ವಹಿವಾಟು ನಡೆಸಬಹುದು. ವಿದೇಶದಲ್ಲಿರುವ ಇಂಥ ವೇದಿಕೆಗೆ ಮಾರ್ಜಿನ್ ಹಣ, ಅಂದರೆ ಮುಂಗಡ, ಕಳಿಸಲು ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ (ನಿವಾಸಿಗಳು ವಿದೇಶಕ್ಕೆ ಹಣ ಕಳಿಸುವ ವ್ಯವಸ್ಥೆ) ಅವಕಾಶವಿಲ್ಲ. ಅನುಮತಿಯಿಲ್ಲದ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಮೊದಲು ಪ್ರಕಟಿಸಿತು, ನಂತರ ಹಲವು ಹೆಸರುಗಳನ್ನು ಸೇರಿಸಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಆ್ಯಪ್‌ಗೆ ಅನುಮತಿ ಇದೆ ಎಂದೇನೂ ಅಲ್ಲ.

ಬಿಳಿ_ಹತ್ತಿ_ರಾಯಚೂರು
ಹಾಗಾದರೆ ಎಕ್ಸ್‌ಚೇಂಜಿನಲ್ಲಿ ಡಾಲರ್-ರೂಪಾಯಿ ಮಾಡಬಹುದಲ್ಲ ಸರ್, ಅದು ಕಾನೂನುಬದ್ಧ. ವಿದ್ಯಾರ್ಥಿಗೆ ಅದೇ ದಾರಿ ಎಂದು ನನ್ನ ಅಭಿಪ್ರಾಯ.

ಕೋಟೆ_ಬಳ್ಳಾರಿ
ಅಲ್ಲಿಯೂ ಷರತ್ತಿದೆ. ರಿಸರ್ವ್ ಬ್ಯಾಂಕ್ 2024ರ ಜನವರಿಯ ಸುತ್ತೋಲೆಯಲ್ಲಿ, ರೂಪಾಯಿ ಒಳಗೊಂಡ ಇಂಥ ಕರಾರುಗಳು ನಿಜವಾದ ವಿನಿಮಯ ಅಪಾಯವನ್ನು ತಗ್ಗಿಸಿಕೊಳ್ಳಲು ಇರುವಂಥವು ಎಂದು ಸ್ಪಷ್ಟಪಡಿಸಿತು. ಅದು 2024ರ ಮೇ 3ರಿಂದ ಜಾರಿಗೆ ಬಂತು. 10 ಕೋಟಿ ಡಾಲರ್‌ವರೆಗೆ ದಾಖಲೆ ತೋರಿಸಬೇಕಾಗಿಲ್ಲ, ಆದರೆ ಅಪಾಯ ನಿಜವಾಗಿ ಇರಲೇಬೇಕು. ಯಂತ್ರದ ಬಿಲ್ ಕಟ್ಟಬೇಕಾದ ಜೀನ್ಸ್ ಘಟಕದ ತಂಗಿಗೆ ಅದಿದೆ, ಹತ್ತಿ ರಫ್ತು ಮಾಡುವವರಿಗೆ ಇದೆ. ಡಾಲರ್ ಏರುತ್ತದೆಂದು ಊಹಿಸಿ ಪಣ ಕಟ್ಟಬೇಕೆನ್ನುವ ವಿದ್ಯಾರ್ಥಿಗೆ ಇಲ್ಲ.

ಬಿಳಿ_ಹತ್ತಿ_ರಾಯಚೂರು
ಇದು ನನಗೆ ತಿಳಿದಿರಲಿಲ್ಲ. ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ.

ಸಿಂಧನೂರು_ಬಿಕಾಂ
ಎಲ್ಲರಿಗೂ ಮನಸಾರೆ ಧನ್ಯವಾದಗಳು. ಗಂಗಾವತಿಯ ಅಣ್ಣ ಬರೆದದ್ದನ್ನು ನನ್ನ ಸ್ನೇಹಿತನಿಗೂ ಓದಿ ಹೇಳಿದೆ. ಹಣ ಹಾಕುವುದಿಲ್ಲವೆಂದು ತಿಳಿಸಿದ್ದೇನೆ. ಡೆಮೊ ಖಾತೆಯನ್ನೂ ತೆಗೆದುಹಾಕಿದೆ, ಲೆಕ್ಕವನ್ನು ಕಾಗದದ ಮೇಲೆ ಕಲಿಯುವುದನ್ನು ಮುಂದುವರಿಸುತ್ತೇನೆ. ಡಾಲರ್‌ಗೆ 85 ರೂಪಾಯಿ, 150 ಯೆನ್ ಎಂದು ಹಿಡಿದು ಬರೆದ ನನ್ನ ಲೆಕ್ಕ ಸರಿಯಿದೆಯೇ ನೋಡಿ. ಯೂರೊ-ಡಾಲರ್‌ನಲ್ಲಿ 1,000 ಯೂರೊ ಇದ್ದರೆ ಒಂದು ಪಿಪ್‌ಗೆ 0.10 ಡಾಲರ್, ಅಂದರೆ 8.50 ರೂಪಾಯಿ. ಡಾಲರ್-ರೂಪಾಯಿಯಲ್ಲಿ 1,000 ಡಾಲರ್ ಇದ್ದರೆ ಒಂದು ಪೈಸೆಗೆ 10 ರೂಪಾಯಿ. ಡಾಲರ್-ಯೆನ್‌ನಲ್ಲಿ 1,000 ಡಾಲರ್ ಇದ್ದರೆ ಒಂದು ಪಿಪ್‌ಗೆ 10 ಡಾಲರ್, ಅಂದರೆ 850 ರೂಪಾಯಿ.

ಜೀನ್ಸ್_ಬಳ್ಳಾರಿ
ಮೂರನೆಯದು ತಪ್ಪಾಗಿದೆ ತಮ್ಮಾ. ಅಷ್ಟು ದೊಡ್ಡ ಅಂಕಿ ಬಂದಾಗಲೇ ಅನುಮಾನ ಬರಬೇಕಿತ್ತು.

ಕೋಟೆ_ಬಳ್ಳಾರಿ
ಗುಣಾಕಾರ ಸರಿ, ನಾಣ್ಯ ತಪ್ಪು. ಪಿಪ್‌ನ ಹಣ ಯಾವಾಗಲೂ ಜೋಡಿಯ ಎರಡನೆಯ ಕರೆನ್ಸಿಯಲ್ಲಿ ಹುಟ್ಟುತ್ತದೆ. ಯೂರೊ-ಡಾಲರ್‌ನಲ್ಲಿ ಅದು ಡಾಲರ್, ಡಾಲರ್-ರೂಪಾಯಿಯಲ್ಲಿ ರೂಪಾಯಿ, ಡಾಲರ್-ಯೆನ್‌ನಲ್ಲಿ ಯೆನ್. 1,000ವನ್ನು 0.01ರಿಂದ ಗುಣಿಸಿದಾಗ ನಿನಗೆ ಬಂದದ್ದು 10 ಯೆನ್. ಅದನ್ನು ಡಾಲರ್ ಮಾಡಲು 150ರಿಂದ ಭಾಗಿಸು, ಆಮೇಲೆ 85ರಿಂದ ಗುಣಿಸು.

ಸಿಂಧನೂರು_ಬಿಕಾಂ
0.0667 ಡಾಲರ್, ಸುಮಾರು 5 ರೂಪಾಯಿ 67 ಪೈಸೆ. ತಿದ್ದಿ ಬರೆದುಕೊಂಡೆ ಸರ್.